ಎರಡು ಓಎಸ್ ಇರುವ ಅಸೆಂಬಲ್ಡ್ ಸಿಸ್ಟಂ: ಬೂಟ್ ಮತ್ತು ಸ್ಲೀಪ್ ದೋಷಗಳ ಮೂಲ ಹುಡುಕುವ ಕ್ರಮ

ಬಿಡಿಭಾಗಗಳನ್ನು ಕೊಂಡು ತಂದು ಜೋಡಿಸಿದ ಸಿಸ್ಟಂನಲ್ಲಿ ವಿಂಡೋಸ್ ಮತ್ತು ಲಿನಕ್ಸ್ ಎಂಬ ಎರಡೂ ಓಎಸ್‌ಗಳನ್ನು (ಆಪರೇಟಿಂಗ್ ಸಿಸ್ಟಂಗಳನ್ನು) ಇಟ್ಟುಕೊಂಡವರು ರಾಯಚೂರು, ಸಿಂಧನೂರು, ಗಂಗಾವತಿ ಭಾಗದಲ್ಲಿ ಸಾಕಷ್ಟು ಮಂದಿ ಇದ್ದಾರೆ. ಟ್ಯಾಲಿ ಲೆಕ್ಕಕ್ಕೂ ನುಡಿ ಬೆರಳಚ್ಚಿಗೂ ವಿಂಡೋಸ್ ಬೇಕಾಗುತ್ತದೆ. ಅದೇ ಮನೆಯಲ್ಲಿ ಎಂಜಿನಿಯರಿಂಗ್ ಓದುವ ಮಕ್ಕಳಿದ್ದರೆ ಅವರಿಗೆ ಲಿನಕ್ಸ್ ಬೇಕಾಗುತ್ತದೆ. ಇಂಥ ಸಿಸ್ಟಂ ಬೆಳಿಗ್ಗೆ ಆನ್ ಆಗದೆ ಹೋದಾಗ, ಅಥವಾ ಸ್ಲೀಪ್‌ಗೆ ಕಳಿಸಿದ ಮರುಕ್ಷಣವೇ ಎದ್ದು ಕೂತಾಗ, ದೋಷ ಯಾವ ಓಎಸ್‌ನಲ್ಲಿ ಕಂಡಿತೋ ಅದನ್ನೇ ಅಳಿಸಿ ಹೊಸದಾಗಿ ಹಾಕುವ ರೂಢಿ ಬೆಳೆದಿದೆ. ಈ ರೂಢಿಯನ್ನು ಬಿಡಬೇಕು ಎಂಬುದೇ ಈ ಬರಹದ ಒತ್ತಾಯ. ಒಂದೇ ಮದರ್‌ಬೋರ್ಡಿನ ಮೇಲೆ ಎರಡು ಓಎಸ್‌ಗಳು ಇದ್ದಾಗ ಅವು ವಿದ್ಯುತ್ತು, ಬಯೋಸ್ (ಓಎಸ್‌ಗೂ ಮೊದಲು ಓಡುವ ಬೋರ್ಡಿನ ಪ್ರೋಗ್ರಾಂ), ಬೋರ್ಡಿನ ಗಡಿಯಾರ, ಬೂಟ್ ಪಾರ್ಟಿಶನ್ ಮತ್ತು ಕಾರ್ಡ್‌ಗಳ ಸ್ಥಿತಿ, ಇವೆಲ್ಲವನ್ನೂ ಹಂಚಿಕೊಂಡಿರುತ್ತವೆ. ಆದ್ದರಿಂದ ಲಿನಕ್ಸ್‌ನಲ್ಲಿ ಕಾಣುವ ದೋಷದ ಬೇರು ವಿಂಡೋಸ್ ಬಿಟ್ಟುಹೋದ ಸ್ಥಿತಿಯಲ್ಲಿರಬಹುದು, ಎರಡರಲ್ಲೂ ಕಾಣುವ ದೋಷದ ಬೇರು ಗೋಡೆಯ ಸ್ವಿಚ್ ಬೋರ್ಡಿನಲ್ಲಿಯೇ ಇರಬಹುದು.

ಹೀಗಾಗಿ ಯಾವ ಪರೀಕ್ಷೆಗೂ ಮೊದಲು ಸಿಸ್ಟಂ ಅನ್ನು ಪೂರ್ತಿ ಬರಿದು ಮಾಡಬೇಕು. ಶಟ್‌ಡೌನ್ ಮಾಡಿ, ಎಸ್‌ಎಂಪಿಎಸ್ (ಪವರ್ ಸಪ್ಲೈ ಪೆಟ್ಟಿಗೆ) ಹಿಂದಿನ ಸ್ವಿಚ್ ಆಫ್ ಮಾಡಿ, ಪವರ್ ಕೇಬಲ್ ಕಿತ್ತು, ಪವರ್ ಬಟನ್ ಅನ್ನು ಹತ್ತಿಪ್ಪತ್ತು ಸೆಕೆಂಡು ಒತ್ತಿ ಹಿಡಿದರೆ ಕೆಪಾಸಿಟರ್‌ಗಳಲ್ಲಿ ಉಳಿದ ಚಾರ್ಜ್ ಇಳಿಯುತ್ತದೆ. ಅನಂತರ ದೋಷವಿರುವ ಓಎಸ್ಸನ್ನೇ ಬೂಟ್ ಮಾಡಿ, ನಡುವೆ ಇನ್ನೊಂದನ್ನು ತೆರೆಯದೆ, ಮತ್ತೆ ಅದನ್ನೇ ಬೂಟ್ ಮಾಡಬೇಕು. ದೋಷ ಮಾಯವಾಗಿ, ಇನ್ನೊಂದು ಓಎಸ್ ಬಳಸಿದ ಮೇಲೆ ಮಾತ್ರ ಮರಳಿ ಬಂದರೆ ಅದು ಆ ಓಎಸ್ ಬಿಟ್ಟುಹೋದ ಸ್ಥಿತಿಯ ಫಲ. ವಿಂಡೋಸ್‌ನಿಂದ ಲಿನಕ್ಸ್‌ಗೆ ಬಂದಾಗ ಲ್ಯಾನ್ ಅಥವಾ ವೈಫೈ ಕಾರ್ಡ್ ಕಾಣಿಸದೆ, ಕೇಬಲ್ ಕಿತ್ತು ಹಾಕಿದ ಮೇಲೆ ಕಾಣಿಸಿಕೊಳ್ಳುವುದು ಇದಕ್ಕೆ ತಕ್ಕ ಉದಾಹರಣೆ. ಕಾರ್ಡನ್ನು ನಡೆಸುವ ಪ್ರೋಗ್ರಾಂ ಆದ ವಿಂಡೋಸ್ ಡ್ರೈವರ್ ಅದನ್ನು ಕಡಿಮೆ ವಿದ್ಯುತ್ತಿನ ಸ್ಥಿತಿಯಲ್ಲಿ ಬಿಟ್ಟು ಹೋಗಿರುತ್ತದೆ, ಲಿನಕ್ಸ್ ಡ್ರೈವರ್‌ಗೆ ಅದನ್ನು ಎಬ್ಬಿಸಲು ಆಗುವುದಿಲ್ಲ. ಇಲ್ಲಿ ಲಿನಕ್ಸ್ ಅನ್ನು ಎಷ್ಟು ಸಲ ಹೊಸದಾಗಿ ಹಾಕಿದರೂ ಪ್ರಯೋಜನವಿಲ್ಲ.

ಎಲ್ಲಿ ನಿಂತಿತು ಎಂಬುದನ್ನು ಮೊದಲು ಓದಿಕೊಳ್ಳಿ

ಬೂಟ್ ಆಗದ ಸಿಸ್ಟಂ ಎಲ್ಲಿಯವರೆಗೆ ಬಂದು ನಿಂತಿದೆ ಎಂಬುದು ಪರದೆಯ ಮೇಲೆಯೋ ಬೋರ್ಡಿನ ಮೇಲೆಯೋ ಬರೆದಿರುತ್ತದೆ. ಪರದೆ ಪೂರ್ತಿ ಕಪ್ಪಾಗಿದ್ದರೆ ಕ್ಯಾಬಿನೆಟ್‌ನ ಬದಿಯ ಹಲಗೆ ತೆಗೆದು, ಬೋರ್ಡಿನ ಅಂಚಿನಲ್ಲಿ ಸಿಪಿಯು, ಡಿರ್‍ಯಾಮ್, ವಿಜಿಎ, ಬೂಟ್ ಎಂದು ಬರೆದ ನಾಲ್ಕು ಸಣ್ಣ ದೀಪಗಳಲ್ಲಿ ಯಾವುದು ಉಳಿದು ಉರಿಯುತ್ತಿದೆ ಎಂದು ನೋಡಬೇಕು. ಡಿಡಿಆರ್5 ರ್‍ಯಾಮ್ ಇರುವ ಹೊಸ ಬೋರ್ಡ್‌ಗಳಲ್ಲಿ ಮೊದಲ ಬಾರಿ ಆನ್ ಮಾಡಿದಾಗ, ಅಥವಾ ಬಯೋಸ್ ಅಪ್‌ಡೇಟ್ ಆದ ಮೇಲೆ, ಬೋರ್ಡು ರ್‍ಯಾಮ್‌ನ ಹೊಂದಾಣಿಕೆಯನ್ನು ಕಲಿತುಕೊಳ್ಳಲು ಹಲವು ನಿಮಿಷ ತೆಗೆದುಕೊಳ್ಳುವುದುಂಟು. ಆ ಹೊತ್ತಿನಲ್ಲಿ ಡಿರ್‍ಯಾಮ್ ದೀಪ ಉರಿಯುತ್ತಾ ಪರದೆ ಕಪ್ಪಾಗಿಯೇ ಇರುತ್ತದೆ. ಅದನ್ನು ದೋಷವೆಂದು ತಿಳಿದು ನಡುವೆ ಪವರ್ ತೆಗೆದರೆ ಕಲಿಕೆ ಮತ್ತೆ ಮೊದಲಿನಿಂದ ಶುರುವಾಗುತ್ತದೆ.

ಬೂಟ್ ಮಾಡಬಲ್ಲ ಡಿಸ್ಕ್ ಸಿಗಲಿಲ್ಲ ಎಂಬ ಸಂದೇಶ ಬಂದರೆ ಬೋರ್ಡು, ರ್‍ಯಾಮ್, ಪರದೆ ಸರಿಯಿವೆ, ಡಿಸ್ಕ್ ಅಥವಾ ಅದರ ಬೂಟ್ ನಮೂದು ಕಳೆದಿದೆ ಎಂದರ್ಥ. ಗ್ರಬ್ ರೆಸ್ಕ್ಯೂ ಎಂಬ ಪದಗಳು ಬಂದು ನಿಂತರೆ ಗ್ರಬ್ ಎಂಬ ಲಿನಕ್ಸ್‌ನ ಬೂಟ್ ಪ್ರೋಗ್ರಾಂನ ಮೊದಲ ತುಂಡು ಓಡಿದೆ, ಆದರೆ ತನ್ನ ಉಳಿದ ಭಾಗ ಇರುವ ಪಾರ್ಟಿಶನ್ ಅದಕ್ಕೆ ಸಿಕ್ಕಿಲ್ಲ. ವಿಂಡೋಸ್‌ನ ಒಳಗಿನಿಂದ ಪಾರ್ಟಿಶನ್ ಅಳಿಸಿದಾಗ ಅಥವಾ ಗಾತ್ರ ಬದಲಿಸಿದಾಗ ಇದು ಆಗುತ್ತದೆ. ಲಿನಕ್ಸ್ ಲೋಗೋ ಬಂದು, ಯಾವುದೋ ಡಿಸ್ಕ್‌ಗಾಗಿ ಒಂದೂವರೆ ನಿಮಿಷ ಕಾಯುತ್ತಿದ್ದೇನೆ ಎಂಬ ಸಾಲು ಓಡಿದರೆ, ಬೂಟ್ ಹೊತ್ತಿಗೆ ತೆರೆಯಬೇಕಾದ ಪಾರ್ಟಿಶನ್‌ಗಳ ಪಟ್ಟಿಯಾದ ಎಫ್‌ಎಸ್‌ಟ್ಯಾಬ್ ಕಡತದಲ್ಲಿ ಹೆಸರಿಸಿದ ಪಾರ್ಟಿಶನ್ ಈಗ ಇಲ್ಲ, ಅಥವಾ ವಿಂಡೋಸ್‌ನಲ್ಲಿ ಫಾರ್ಮ್ಯಾಟ್ ಆಗಿ ಅದರ ಗುರುತು ಸಂಖ್ಯೆ ಬದಲಾಗಿದೆ. ಈ ಸಂದೇಶಗಳನ್ನು ಮೊಬೈಲ್‌ನಲ್ಲಿ ಫೋಟೋ ತೆಗೆದು ಇಟ್ಟುಕೊಂಡರೆ ಮುಂದಿನ ಅರ್ಧ ಕೆಲಸ ತಾನಾಗಿಯೇ ಹಗುರವಾಗುತ್ತದೆ.

ವಿದ್ಯುತ್ತು

ನಮ್ಮ ಭಾಗದಲ್ಲಿ ವಿದ್ಯುತ್ತು ಸರಿಯಿದೆಯೇ ಎಂಬ ಪ್ರಶ್ನೆಯನ್ನು ಎಲ್ಲಕ್ಕಿಂತ ಮೊದಲು ಕೇಳಬೇಕು, ಏಕೆಂದರೆ ಸ್ಲೀಪ್ ಎಂಬುದು ಸಿಸ್ಟಂ ಆಫ್ ಆದ ಸ್ಥಿತಿಯಲ್ಲ. ಡೆಸ್ಕ್‌ಟಾಪ್‌ಗಳಲ್ಲಿ ಸಾಮಾನ್ಯವಾಗಿ ಇರುವ ಎಸ್3 ಸ್ಲೀಪ್‌ನಲ್ಲಿ ಪ್ರೊಸೆಸರ್, ಡಿಸ್ಕ್, ಫ್ಯಾನ್ ಎಲ್ಲವೂ ನಿಂತರೂ ರ್‍ಯಾಮ್‌ಗೆ ಮಾತ್ರ ಸದಾ ವಿದ್ಯುತ್ತು ಬೇಕು. ಆ ವಿದ್ಯುತ್ತು ಎಸ್‌ಎಂಪಿಎಸ್‌ನ 5 ವೋಲ್ಟ್ ಸ್ಟ್ಯಾಂಡ್‌ಬೈ ಎಂಬ ಪ್ರತ್ಯೇಕ ಸಾಲಿನಿಂದ ಬರುತ್ತದೆ. 24 ಪಿನ್ ಕನೆಕ್ಟರ್‌ನಲ್ಲಿ ಅದು 9ನೆಯ ಪಿನ್, ಬಣ್ಣದ ತಂತಿಗಳಿರುವ ಎಸ್‌ಎಂಪಿಎಸ್‌ಗಳಲ್ಲಿ ನೇರಳೆ ತಂತಿ. ಉಳಿದ ಸಾಲುಗಳೆಲ್ಲ ಸರಿಯಿದ್ದು ಈ ಒಂದು ಸಾಲು ಮಾತ್ರ ದುರ್ಬಲವಾದರೆ ಸಿಸ್ಟಂ ದಿನವಿಡೀ ತೊಂದರೆಯಿಲ್ಲದೆ ಓಡುತ್ತದೆ, ಸ್ಲೀಪ್‌ನಿಂದ ಮಾತ್ರ ಏಳುವುದಿಲ್ಲ. ಮಲ್ಟಿಮೀಟರ್ ಬಳಸಬಲ್ಲವರು ಸಿಸ್ಟಂ ಅನ್ನು ಸ್ಲೀಪ್‌ಗೆ ಕಳಿಸಿ, ಕನೆಕ್ಟರ್‌ನ ಹಿಂಬದಿಯಿಂದ ಈ ತಂತಿಯ ವೋಲ್ಟೇಜ್ ಅಳೆದರೆ ಅದು 4.75 ಮತ್ತು 5.25ರ ನಡುವೆ ಇರಬೇಕು. ಯುಎಸ್‌ಬಿಯಲ್ಲಿ ಚಾರ್ಜ್‌ಗೆ ಹಾಕಿದ ಮೊಬೈಲ್ ಕೂಡ ಎಷ್ಟೋ ಬೋರ್ಡ್‌ಗಳಲ್ಲಿ ಇದೇ ಸಾಲಿನಿಂದ ಕರೆಂಟು ಎಳೆಯುತ್ತದೆ. ಆದ್ದರಿಂದ ಅಳೆಯುವ ಮುನ್ನ ಅದನ್ನು ತೆಗೆದು ನೋಡಬೇಕು.

ಒಂದು ಪ್ರಸಂಗವನ್ನು ಇಲ್ಲಿ ವಿವರವಾಗಿ ಹೇಳುವುದು ಉಪಯುಕ್ತ. ಗಂಗಾವತಿ ಕಡೆಯ ಒಂದು ರೈಸ್‌ಮಿಲ್ಲಿನ ಕಚೇರಿಯ ಸಿಸ್ಟಂ ವಿಂಡೋಸ್‌ನಲ್ಲಿ ಸ್ಲೀಪ್ ಮಾಡಿಟ್ಟರೆ ಬೆಳಿಗ್ಗೆ ಟ್ಯಾಲಿ ತೆರೆದಿಟ್ಟ ಹಾಗೆಯೇ ಸಿಗುತ್ತಿತ್ತು. ಲಿನಕ್ಸ್‌ನಲ್ಲಿ ಸ್ಲೀಪ್ ಮಾಡಿಟ್ಟರೆ ಬೆಳಿಗ್ಗೆ ಎಲ್ಲವೂ ಹೊಸದಾಗಿ ಬೂಟ್ ಆಗುತ್ತಿತ್ತು. ಲಿನಕ್ಸ್‌ಗೆ ಸ್ಲೀಪ್ ಬರುವುದಿಲ್ಲ ಎಂದು ಅಲ್ಲಿ ಎಲ್ಲರೂ ತೀರ್ಮಾನಿಸಿದ್ದರು. ಲಿನಕ್ಸ್‌ನ ಹಿಂದಿನ ಬೂಟ್‌ನ ದಾಖಲೆಯನ್ನು ಜರ್ನಲ್‌ಸಿಟಿಎಲ್ ಕಮಾಂಡ್‌ನಿಂದ ತೆಗೆದಾಗ, ಕೊನೆಯ ಸಾಲು ಸಸ್ಪೆಂಡ್ ಎಂಟ್ರಿ, ಡೀಪ್ ಎಂದಿತ್ತು; ಲಿನಕ್ಸ್‌ನ ಮಾತಿನಲ್ಲಿ ಸಸ್ಪೆಂಡ್ ಎಂದರೆ ಸ್ಲೀಪ್, ಡೀಪ್ ಎಂದರೆ ಎಸ್3. ಅದರ ನಂತರ ಏನೂ ಇರಲಿಲ್ಲ. ಸಿಸ್ಟಂ ಸರಿಯಾಗಿಯೇ ಮಲಗಿತ್ತು, ಆಮೇಲೆ ಅದರ ಕರೆಂಟೇ ಹೋಗಿತ್ತು. ರಾತ್ರಿ ಬೀಗ ಹಾಕುವವರು ಸಿಡಿಲು, ಶಾರ್ಟ್ ಸರ್ಕಿಟ್‌ಗಳ ಭಯದಿಂದ ಮೇನ್ ಸ್ವಿಚ್ ಇಳಿಸಿ ಹೋಗುತ್ತಿದ್ದರು. ಹಾಗಾದರೆ ವಿಂಡೋಸ್ ಹೇಗೆ ಉಳಿಯಿತು? ಎಸ್3 ಇರುವ ಡೆಸ್ಕ್‌ಟಾಪ್‌ಗಳಲ್ಲಿ ವಿಂಡೋಸ್ ಹೈಬ್ರಿಡ್ ಸ್ಲೀಪ್ ಎಂಬ ವ್ಯವಸ್ಥೆಯನ್ನು ತಾನಾಗಿಯೇ ಬಳಸುತ್ತದೆ: ಮಲಗುವ ಮುನ್ನ ರ್‍ಯಾಮ್‌ನಲ್ಲಿರುವುದರ ಪ್ರತಿಯನ್ನು ಡಿಸ್ಕ್‌ನಲ್ಲಿಯೂ ಬರೆದಿಡುತ್ತದೆ, ಕರೆಂಟು ಹೋದರೆ ಆ ಪ್ರತಿಯಿಂದ ಎದ್ದು ಬರುತ್ತದೆ. ಲಿನಕ್ಸ್‌ನ ಸಾಮಾನ್ಯ ಸಸ್ಪೆಂಡ್ ಈ ಪ್ರತಿ ಬರೆಯುವುದಿಲ್ಲ. ಓಎಸ್‌ಗಳಲ್ಲಿ ಯಾವುದರಲ್ಲೂ ದೋಷವಿರಲಿಲ್ಲ.

ಇನ್ವರ್ಟರ್ ಮೇಲೆ ಓಡುವ ಸಿಸ್ಟಂಗಳಲ್ಲಿ ಇನ್ನೊಂದು ಬಗೆಯ ತೊಂದರೆ ಇದೆ. ಎಸ್‌ಎಂಪಿಎಸ್ ಒಳಗಿನ ದೊಡ್ಡ ಕೆಪಾಸಿಟರ್ ಪೂರ್ಣ ಹೊರೆಯಲ್ಲಿ ಸಿಸ್ಟಂ ಅನ್ನು ಹಿಡಿದಿಡುವುದು ಹೆಚ್ಚೆಂದರೆ ಹದಿನೈದಿಪ್ಪತ್ತು ಮಿಲಿಸೆಕೆಂಡು. ನಮ್ಮ 50 ಹರ್ಟ್ಸ್ ಸರಬರಾಜಿನ ಒಂದು ಸುತ್ತೇ 20 ಮಿಲಿಸೆಕೆಂಡು. ಮನೆ ಇನ್ವರ್ಟರ್‌ನಲ್ಲಿ ಯುಪಿಎಸ್ ಮೋಡ್ ಎಂಬ ಸ್ವಿಚ್ ಇದ್ದರೆ ಅದನ್ನು ಹಾಕಿರಲೇಬೇಕು, ಇಲ್ಲವಾದರೆ ಕರೆಂಟು ಹೋದಾಗ ಬ್ಯಾಟರಿಗೆ ಬದಲಾಗುವಷ್ಟರಲ್ಲಿ ಸಿಸ್ಟಂ ರೀಸ್ಟಾರ್ಟ್ ಆಗುತ್ತದೆ. ಆಕ್ಟಿವ್ ಪಿಎಫ್‌ಸಿ (ಕರೆಂಟನ್ನು ಸಮವಾಗಿ ಎಳೆಯುವ ಸರ್ಕಿಟ್) ಇರುವ ಎಸ್‌ಎಂಪಿಎಸ್‌ಗಳಲ್ಲಿ ಕೆಲವು ಸ್ಕ್ವೇರ್ ವೇವ್ ಇನ್ವರ್ಟರ್ ಮೇಲೆ ಬದಲಾವಣೆಯ ಹೊತ್ತಿಗೆ ಆಫ್ ಆಗುತ್ತವೆ, ಅವಕ್ಕೆ ಸೈನ್ ವೇವ್ ಬೇಕು. ಇನ್ನು ರಾತ್ರಿ ಕರೆಂಟು ಬಂದ ಕೂಡಲೇ ಸಿಸ್ಟಂ ತಾನೇ ಆನ್ ಆಗುತ್ತಿದ್ದರೆ ಅದು ಬಯೋಸ್‌ನ ಒಂದು ಆಯ್ಕೆ. ಪವರ್ ಹೋಗಿ ಬಂದ ಮೇಲೆ ಏನು ಮಾಡಬೇಕು ಎಂಬ ಆ ಸಾಲಿನಲ್ಲಿ ಪವರ್ ಆಫ್ ಎಂದು ಇಟ್ಟರೆ ನಿಲ್ಲುತ್ತದೆ.

ಕ್ಯಾಬಿನೆಟ್ ಮುಟ್ಟಿದರೆ ಜುಮ್ಮೆನ್ನುವುದು, ಮೌಸ್ ಆಗಾಗ ಕಡಿದು ಸೇರುವುದು, ಸ್ಲೀಪ್‌ನಿಂದ ಕಾರಣವಿಲ್ಲದೆ ಏಳುವುದು ಒಟ್ಟಿಗೆ ಕಂಡುಬಂದರೆ ಅರ್ತಿಂಗ್ ನೋಡಿಸಬೇಕು. ಅರ್ತ್ ಇಲ್ಲದಿದ್ದಾಗ ಎಸ್‌ಎಂಪಿಎಸ್‌ನ ಫಿಲ್ಟರ್ ಕೆಪಾಸಿಟರ್‌ಗಳ ಮೂಲಕ ಕ್ಯಾಬಿನೆಟ್‌ಗೆ ಸರಬರಾಜಿನ ಸುಮಾರು ಅರ್ಧದಷ್ಟು ವೋಲ್ಟೇಜ್ ಬಂದು ನಿಲ್ಲುತ್ತದೆ. ವೈರ್‌ಮನ್ ಕೈಯಲ್ಲಿ ಪ್ಲಗ್ ಪಾಯಿಂಟಿನ ಫೇಸ್ ಮತ್ತು ಅರ್ತ್ ನಡುವೆ ಅಳೆಸಿದರೆ, ಅದು ಫೇಸ್ ಮತ್ತು ನ್ಯೂಟ್ರಲ್ ನಡುವಿನ ಅಳತೆಗೆ ಹೆಚ್ಚುಕಡಿಮೆ ಸಮವಾಗಿರಬೇಕು. ಬೇಸಿಗೆಯಲ್ಲಿ ಅರ್ತ್ ಗುಂಡಿ ಒಣಗಿ ಬಿರುಕು ಬಿಟ್ಟಾಗ ಅದರ ಪ್ರತಿರೋಧ ಏರುತ್ತದೆ. ಎರೆ ನೆಲದಲ್ಲಿ ಈ ಬಿರುಕು ಬಹಳ ಎದ್ದು ಕಾಣುತ್ತದೆ. ಗುಂಡಿಗೆ ನೀರು ಹಾಕುವುದು ಹಳೆಯ ಪದ್ಧತಿಯಾದರೂ ಅದರ ಹಿಂದಿನ ಕಾರಣ ಸರಿಯಾದದ್ದೇ.

ಧೂಳಿನ ವಿಷಯದಲ್ಲಿ ಬಳ್ಳಾರಿ, ಸಂಡೂರು, ತೋರಣಗಲ್ಲು ಕಡೆಯವರಿಗೆ ಹೆಚ್ಚು ಹೇಳಬೇಕಾಗಿಲ್ಲ. ಅದಿರಿನ ಕೆಂಪು ಧೂಳು ರ್‍ಯಾಮ್ ಸ್ಲಾಟಿನಲ್ಲಿ ಕೂತರೆ ಡಿರ್‍ಯಾಮ್ ದೀಪ ಉರಿದು ನಿಲ್ಲುತ್ತದೆ. ರಬ್ಬರ್‌ನಿಂದ ಉಜ್ಜುವುದಕ್ಕಿಂತ ಐಸೊಪ್ರೊಪೈಲ್ ಆಲ್ಕೊಹಾಲ್ ಹಚ್ಚಿದ ಬಟ್ಟೆಯಿಂದ ಒರೆಸುವುದು ಒಳ್ಳೆಯದು, ಏಕೆಂದರೆ ರಬ್ಬರಿನ ಪುಡಿ ಸ್ಲಾಟಿನೊಳಗೇ ಉಳಿಯುತ್ತದೆ. ಬ್ಲೋವರ್ ಹಿಡಿಯುವಾಗ ಫ್ಯಾನ್ ತಿರುಗದಂತೆ ಬೆರಳಿನಿಂದ ತಡೆದಿರಬೇಕು.

ಬೂಟ್ ಕ್ರಮ ಕಳೆದಾಗ

ಲಿನಕ್ಸ್ ಆಯ್ಕೆಯ ಪಟ್ಟಿಯೇ ಬಾರದೆ ನೇರವಾಗಿ ವಿಂಡೋಸ್ ತೆರೆದರೆ ಲಿನಕ್ಸ್ ಅಳಿದುಹೋಗಿದೆ ಎಂದು ಹೆದರಬೇಕಾಗಿಲ್ಲ. ಯುಇಎಫ್‌ಐ (ಹೊಸ ಬಗೆಯ ಬಯೋಸ್) ಇರುವ ಬೋರ್ಡ್‌ಗಳಲ್ಲಿ ಯಾವ ಓಎಸ್ ಮೊದಲು ಎಂಬ ಕ್ರಮ ಬೋರ್ಡಿನ ಸ್ವಂತ ಸ್ಮರಣೆಯಲ್ಲಿರುತ್ತದೆ; ವಿಂಡೋಸ್‌ನ ದೊಡ್ಡ ಅಪ್‌ಡೇಟ್, ಬಯೋಸ್ ಅಪ್‌ಡೇಟ್, ಎಂ.2 ಎಸ್‌ಎಸ್‌ಡಿಯನ್ನು ಒಂದು ಸ್ಲಾಟ್‌ನಿಂದ ಇನ್ನೊಂದಕ್ಕೆ ಹಾಕುವುದು, ಇವುಗಳಲ್ಲಿ ಯಾವುದರಿಂದಲೂ ಅದು ಬದಲಾಗಬಹುದು. ಬೋರ್ಡಿನ ಬೂಟ್ ಮೆನು ಕೀಲಿ ಒತ್ತಿ ಲಿನಕ್ಸ್ ಹೆಸರು ಕಂಡರೆ ಅದರಿಂದ ಒಳಹೊಕ್ಕು, ಇಎಫ್‌ಐಬೂಟ್‌ಎಂಜಿಆರ್ ಎಂಬ ಕಮಾಂಡ್‌ನಿಂದ ಕ್ರಮವನ್ನು ಸರಿಪಡಿಸಿದರೆ ಕೆಲಸ ಮುಗಿಯಿತು. ಇದಕ್ಕೆ ತಿರುಗುಮುರುಗಾಗಿ ಗ್ರಬ್ ಪಟ್ಟಿಯಲ್ಲಿ ವಿಂಡೋಸ್ ಇಲ್ಲವಾಗಿದ್ದರೆ, 2021ರಲ್ಲಿ ಬಂದ ಗ್ರಬ್ 2.06ರಿಂದ ಈಚೆಗೆ ಬೇರೆ ಓಎಸ್‌ಗಳನ್ನು ಹುಡುಕುವ ಓಎಸ್-ಪ್ರೋಬರ್ ತಾನಾಗಿ ಓಡುವುದಿಲ್ಲ ಎಂಬುದನ್ನು ನೆನಪಿಡಬೇಕು. ಗ್ರಬ್‌ನ ಸೆಟ್ಟಿಂಗ್ ಕಡತದಲ್ಲಿ ಅದನ್ನು ನಿಷ್ಕ್ರಿಯಗೊಳಿಸುವ ಸಾಲಿಗೆ ಫಾಲ್ಸ್ ಎಂದು ಬರೆದು ಪಟ್ಟಿಯನ್ನು ಮತ್ತೆ ರಚಿಸಬೇಕು. ಒಂದು ಓಎಸ್ ಹಳೆಯ ಲೆಗಸಿ ವಿಧಾನದಲ್ಲಿ, ಇನ್ನೊಂದು ಯುಇಎಫ್‌ಐ ವಿಧಾನದಲ್ಲಿ ಹಾಕಿದ್ದರೆ ಒಂದರ ಪಟ್ಟಿಯಿಂದ ಇನ್ನೊಂದನ್ನು ತೆರೆಯಲು ಆಗುವುದೇ ಇಲ್ಲ. ಹಳೆಯ ಡಿಸ್ಕ್ ಉಳಿಸಿಕೊಂಡು ಹೊಸ ಬೋರ್ಡ್ ಹಾಕಿಸಿದವರಲ್ಲಿ ಇದನ್ನು ಮೊದಲು ಪರಿಶೀಲಿಸಬೇಕು.

ನಂಬಲರ್ಹ ಸಹಿಯಿಲ್ಲದ ಬೂಟ್ ಪ್ರೋಗ್ರಾಂಗಳನ್ನು ತಡೆಯುವ ಸೆಕ್ಯೂರ್ ಬೂಟ್ ವಿಷಯದಲ್ಲಿ ಆತುರ ಸಲ್ಲದು. ಅದನ್ನು ಆಫ್ ಮಾಡುವ ಮುನ್ನ ವಿಂಡೋಸ್ ಡಿಸ್ಕ್ ಬಿಟ್‌ಲಾಕರ್ ಎಂಬ ಗೂಢಲಿಪಿ ಬೀಗದಲ್ಲಿದೆಯೇ ಎಂದು ನೋಡಿ, ಇದ್ದರೆ ಅದರ 48 ಅಂಕಿಗಳ ರಿಕವರಿ ಕೀಲಿಯನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳಬೇಕು. 2024ರಲ್ಲಿ ಬಂದ ವಿಂಡೋಸ್ 11ರ 24ಎಚ್2 ಆವೃತ್ತಿಯನ್ನು ಹೊಸದಾಗಿ ಹಾಕಿ ಮೈಕ್ರೊಸಾಫ್ಟ್ ಖಾತೆಯಿಂದ ಲಾಗಿನ್ ಆದವರ ಡಿಸ್ಕ್ ಅವರಿಗೆ ಗೊತ್ತಿಲ್ಲದೆಯೇ ಹೀಗೆ ಬೀಗ ಹಾಕಿಕೊಂಡಿರುವುದುಂಟು. ಕೀಲಿ ಆ ಖಾತೆಯಲ್ಲಿಯೇ ಸಿಗುತ್ತದೆ, ಆದರೆ ಆ ಖಾತೆಗೆ ಮರಳಿ ಹೋಗಲಾಗದವರ ದತ್ತಾಂಶ ಹೋದಂತೆಯೇ. 2024ರ ಆಗಸ್ಟ್‌ನ ವಿಂಡೋಸ್ ಅಪ್‌ಡೇಟ್ ಆದ ಮೇಲೆ ಎಸ್‌ಬ್ಯಾಟ್ ಸೆಲ್ಫ್ ಚೆಕ್ ಫೇಲ್ಡ್ ಎಂಬ ಸಂದೇಶ ತೋರಿಸಿ ಎಷ್ಟೋ ಕಡೆ ಲಿನಕ್ಸ್ ಬೂಟ್ ಆಗುವುದೇ ನಿಂತಿತ್ತು. ಇಂದಿಗೂ ಹಳೆಯ ಲಿನಕ್ಸ್ ಪೆನ್‌ಡ್ರೈವ್ ಹಾಕಿದರೆ ಅದೇ ಸಂದೇಶ ಬರಬಹುದು. ಪೆನ್‌ಡ್ರೈವ್‌ಗೆ ಹೊಸ ಆವೃತ್ತಿ ಬರೆದುಕೊಳ್ಳುವುದೇ ಅದಕ್ಕೆ ಸರಿಯಾದ ಪರಿಹಾರ.

ಆಫ್ ಆಗದ ಶಟ್‌ಡೌನ್

ಡ್ಯುಯಲ್ ಬೂಟ್ ಸಿಸ್ಟಂಗಳ ತೊಂದರೆಗಳಲ್ಲಿ ಬಹುಪಾಲು ಈ ಒಂದು ಜಾಗದಿಂದ ಹುಟ್ಟುತ್ತವೆ ಎಂದು ನಾನು ಬಲವಾಗಿ ನಂಬುತ್ತೇನೆ. ವಿಂಡೋಸ್ 8ರಿಂದ ಈಚೆಗೆ ಫಾಸ್ಟ್ ಸ್ಟಾರ್ಟಪ್ ಎಂಬ ಸೌಲಭ್ಯವಿದೆ. ಅದು ಆನ್ ಇದ್ದಾಗ ಶಟ್‌ಡೌನ್ ಒತ್ತಿದರೂ ವಿಂಡೋಸ್ ಪೂರ್ತಿ ಮುಚ್ಚುವುದಿಲ್ಲ; ಬಳಕೆದಾರರ ಕೆಲಸವನ್ನು ಮುಚ್ಚಿ, ಕರ್ನಲ್ (ಓಎಸ್‌ನ ತಿರುಳು) ಮತ್ತು ಡ್ರೈವರ್‌ಗಳ ಸ್ಥಿತಿಯನ್ನು ಡಿಸ್ಕ್‌ನ ಹೈಬರ್ನೇಟ್ ಕಡತಕ್ಕೆ ಬರೆದು ಮಲಗುತ್ತದೆ. ಅಂದರೆ ಅದರ ಎನ್‌ಟಿಎಫ್‌ಎಸ್ ಪಾರ್ಟಿಶನ್‌ಗಳು ಇನ್ನೂ ಬಳಕೆಯಲ್ಲಿರುವ ಗುರುತಿನೊಂದಿಗೇ ಉಳಿಯುತ್ತವೆ. ಆಗ ಲಿನಕ್ಸ್ ಆ ಪಾರ್ಟಿಶನ್ ಅನ್ನು ಓದಲಷ್ಟೇ ತೆರೆಯುತ್ತದೆ, ಅಥವಾ ತೆರೆಯಲು ಒಪ್ಪುವುದೇ ಇಲ್ಲ. ಈ ನಿರಾಕರಣೆ ನಮ್ಮ ದತ್ತಾಂಶದ ರಕ್ಷಣೆಗೇ ಇರುವುದು. ಬಲವಂತವಾಗಿ ತೆರೆದು ಕಡತ ಬರೆದರೆ, ಮುಂದಿನ ಸಲ ವಿಂಡೋಸ್ ತನ್ನ ಹಳೆಯ ನೆನಪಿನಿಂದ ಎದ್ದು, ನಡುವೆ ಆದ ಬದಲಾವಣೆ ತಿಳಿಯದೆ ತನ್ನ ಲೆಕ್ಕವನ್ನೇ ಡಿಸ್ಕ್ ಮೇಲೆ ಬರೆಯುತ್ತದೆ. ಕಡತಗಳು ಹಾಳಾಗುವುದು ಅಲ್ಲಿಯೇ. ಫೋರ್ಸ್ ಆಯ್ಕೆ ಹಾಕಿ ತೆರೆಯಿರಿ ಎಂಬ ಸಲಹೆಯನ್ನು ಯಾರೇ ಕೊಟ್ಟರೂ ಪಾಲಿಸಬಾರದು. ವಿಂಡೋಸ್‌ಗೆ ಹೋಗಿ ಸರಿಯಾಗಿ ಮುಚ್ಚಿ ಬರಬೇಕು.

ಇದನ್ನು ನಿಲ್ಲಿಸಲು ಎರಡು ದಾರಿಗಳಿವೆ. ಕಂಟ್ರೋಲ್ ಪ್ಯಾನೆಲ್‌ನ ಪವರ್ ಆಯ್ಕೆಗಳಲ್ಲಿ ಫಾಸ್ಟ್ ಸ್ಟಾರ್ಟಪ್‌ನ ಟಿಕ್ ಮಾತ್ರ ತೆಗೆಯುವುದು ಒಂದು; ಅಡ್ಮಿನ್ ಕಮಾಂಡ್ ಕಿಟಕಿಯಲ್ಲಿ ಪವರ್‌ಸಿಎಫ್‌ಜಿ ಮೂಲಕ ಹೈಬರ್ನೇಟ್ ಅನ್ನೇ ಪೂರ್ತಿ ಆಫ್ ಮಾಡುವುದು ಇನ್ನೊಂದು. ಎರಡನೆಯದು ಹೆಚ್ಚು ಪ್ರಚಾರದಲ್ಲಿದೆ, ಆದರೆ ಅದರಿಂದ ಮೇಲೆ ಹೇಳಿದ ಹೈಬ್ರಿಡ್ ಸ್ಲೀಪ್‌ನ ರಕ್ಷಣೆಯೂ ಹೋಗುತ್ತದೆ. ಕರೆಂಟು ಹೋಗಿ ಬರುವ ಊರಿನಲ್ಲಿ, ಯುಪಿಎಸ್ ಇಲ್ಲದವರು, ಮೊದಲನೆಯ ದಾರಿಯನ್ನೇ ಹಿಡಿಯುವುದು ಲೇಸು. ಹಾಗೆ ಹಿಡಿದಾಗ ಇನ್ನೊಂದು ಎಚ್ಚರ ಬೇಕು: ವಿಂಡೋಸ್ ಸ್ಲೀಪ್‌ನಲ್ಲಿದ್ದಾಗ ಕರೆಂಟು ಹೋಗಿ, ಮತ್ತೆ ಬಂದಾಗ ಮನೆಯ ಇನ್ನೊಬ್ಬರು ಪಟ್ಟಿಯಿಂದ ಲಿನಕ್ಸ್ ಆರಿಸಿದರೆ ಅಪಾಯ ಹಾಗೆಯೇ ಇರುತ್ತದೆ, ಏಕೆಂದರೆ ವಿಂಡೋಸ್‌ನ ಪ್ರತಿ ಡಿಸ್ಕ್‌ನಲ್ಲಿ ಕಾಯುತ್ತಿರುತ್ತದೆ. ಇಬ್ಬರು ಬಳಸುವ ಸಿಸ್ಟಂನಲ್ಲಿ ಇದನ್ನು ಇಬ್ಬರಿಗೂ ಹೇಳಿಡಬೇಕು. ಒಂದರಿಂದ ಇನ್ನೊಂದಕ್ಕೆ ಹೋಗುವಾಗ ಶಟ್‌ಡೌನ್ ಬದಲು ರೀಸ್ಟಾರ್ಟ್ ಒತ್ತುವುದು ಒಳ್ಳೆಯ ಅಭ್ಯಾಸ, ಏಕೆಂದರೆ ರೀಸ್ಟಾರ್ಟ್‌ನಲ್ಲಿ ಫಾಸ್ಟ್ ಸ್ಟಾರ್ಟಪ್ ಅನ್ವಯವಾಗುವುದಿಲ್ಲ.

ಗಡಿಯಾರ

ಬೋರ್ಡಿನ ಗಡಿಯಾರದಲ್ಲಿ ವಿಂಡೋಸ್ ಸ್ಥಳೀಯ ಸಮಯವನ್ನು ಇಡುತ್ತದೆ, ಲಿನಕ್ಸ್ ನಮ್ಮ ಸಮಯಕ್ಕಿಂತ ಐದೂವರೆ ಗಂಟೆ ಹಿಂದಿರುವ ಯುಟಿಸಿ ಎಂಬ ಜಾಗತಿಕ ಸಮಯವನ್ನು ಇಡುತ್ತದೆ. ಇಂಟರ್‌ನೆಟ್ ಇಲ್ಲದಾಗ ವಿಂಡೋಸ್ ಐದೂವರೆ ಗಂಟೆ ಹಿಂದೆ, ಲಿನಕ್ಸ್ ಐದೂವರೆ ಗಂಟೆ ಮುಂದೆ ತೋರಿಸುವುದು ಇದರಿಂದಲೇ. ಸಂಜೆ 6:30 ದಾಟಿದ ಮೇಲೆ ಲಿನಕ್ಸ್‌ನಲ್ಲಿ ತಾರೀಖೇ ಮರುದಿನಕ್ಕೆ ಹೋಗುವುದರಿಂದ ಬಿಲ್ಲು, ದಾಖಲೆ ಬರೆಯುವವರಿಗೆ ಇದು ಸಣ್ಣ ವಿಷಯವಲ್ಲ. ಲಿನಕ್ಸ್‌ನ ಟೈಮ್‌ಡೇಟ್‌ಸಿಟಿಎಲ್ ಮೂಲಕ ಸ್ಥಳೀಯ ಸಮಯಕ್ಕೆ ಹೊಂದಿಸಬಹುದು, ಅಥವಾ ವಿಂಡೋಸ್ ರಿಜಿಸ್ಟ್ರಿಯಲ್ಲಿ ಯುಟಿಸಿಯನ್ನು ಒಪ್ಪಿಸಬಹುದು. ಎರಡರಲ್ಲಿ ಒಂದನ್ನು ಮಾತ್ರ ಮಾಡಬೇಕು. ವ್ಯತ್ಯಾಸ ಸರಿಯಾಗಿ ಐದೂವರೆ ಗಂಟೆ ಇಲ್ಲದೆ, ವರ್ಷಗಟ್ಟಲೆ ಹಿಂದಿನ ತಾರೀಖು ಬಂದರೆ ಅದು ಬೋರ್ಡಿನ ಮೇಲಿನ ನಾಣ್ಯದಂಥ ಸೆಲ್ ಮುಗಿದ ಲಕ್ಷಣ. ಪ್ಲಗ್‌ನಲ್ಲಿ ಕರೆಂಟು ಇರುವವರೆಗೆ ಗಡಿಯಾರಕ್ಕೆ ಎಸ್‌ಎಂಪಿಎಸ್ಸೇ ವಿದ್ಯುತ್ತು ಕೊಡುತ್ತದೆ. ರಾತ್ರಿ ಗೋಡೆಯ ಸ್ವಿಚ್ ಆಫ್ ಮಾಡುವ ಮನೆಗಳಲ್ಲಿ ಆ ಭಾರವೆಲ್ಲ 3 ವೋಲ್ಟಿನ ಸಿಆರ್2032 ಸೆಲ್ ಮೇಲೆ ಬೀಳುವುದರಿಂದ ಅದು ಬೇಗ ಮುಗಿಯುತ್ತದೆ. ಸೆಲ್ ಮುಗಿದ ಬೋರ್ಡು ಬಯೋಸ್ ಸೆಟ್ಟಿಂಗ್‌ಗಳನ್ನೂ ಮರೆಯಬಹುದು. ಡಿಸ್ಕ್ ಅನ್ನು ಬೋರ್ಡು ನಡೆಸುವ ವಿಧಾನದ (ಎಎಚ್‌ಸಿಐ ಅಥವಾ ರೈಡ್) ಆಯ್ಕೆ ಹಾಗೆ ಬದಲಾದರೆ ವಿಂಡೋಸ್ ಬೂಟ್ ಡಿಸ್ಕ್ ಸಿಗಲಿಲ್ಲವೆಂದು ನೀಲಿ ಪರದೆ ತೋರಿಸುತ್ತದೆ, ಲಿನಕ್ಸ್ ಮಾತ್ರ ಏನೂ ಆಗದಂತೆ ತೆರೆಯಬಹುದು.

ಮಲಗದ ಸಿಸ್ಟಂ, ತಕ್ಷಣ ಏಳುವ ಸಿಸ್ಟಂ

ಸಿಸ್ಟಂ ಮಲಗದಂತೆ ತಡೆಯುವುದು ಅಥವಾ ಅದನ್ನು ಎಬ್ಬಿಸುವುದು ಯಾವುದು ಎಂಬ ಪ್ರಶ್ನೆಗೆ ವಿಂಡೋಸ್‌ನಲ್ಲಿ ಉತ್ತರವನ್ನು ಪವರ್‌ಸಿಎಫ್‌ಜಿ ಕಮಾಂಡೇ ಕೊಡುತ್ತದೆ. ಅದಕ್ಕೆ ರಿಕ್ವೆಸ್ಟ್ಸ್ ಎಂದು ಸೇರಿಸಿದರೆ ಸ್ಲೀಪ್ ತಡೆಯುತ್ತಿರುವ ಪ್ರೋಗ್ರಾಂ ಅಥವಾ ಡ್ರೈವರ್ ಯಾವುದು ಎಂದು, ಲಾಸ್ಟ್‌ವೇಕ್ ಎಂದು ಸೇರಿಸಿದರೆ ಕೊನೆಯ ಸಲ ಎಬ್ಬಿಸಿದ್ದು ಯಾವುದು ಎಂದು, ವೇಕ್‌ಟೈಮರ್ಸ್ ಎಂದು ಸೇರಿಸಿದರೆ ಮುಂದೆ ಎಬ್ಬಿಸಲು ಕಾದಿರುವ ಕೆಲಸ ಯಾವುದು ಎಂದು ತೋರಿಸುತ್ತದೆ. ಲ್ಯಾನ್ ಕಾರ್ಡ್ ಎಬ್ಬಿಸುತ್ತಿದ್ದರೆ ಡಿವೈಸ್ ಮ್ಯಾನೇಜರ್‌ನಲ್ಲಿ ಮ್ಯಾಜಿಕ್ ಪ್ಯಾಕೆಟ್ ಎಂಬ ಎಬ್ಬಿಸುವ ವಿಶೇಷ ಸಂಕೇತಕ್ಕೆ ಮಾತ್ರ ಏಳುವಂತೆ ಇಡಬೇಕು.

ಲಿನಕ್ಸ್‌ನಲ್ಲಿ ಸ್ವಲ್ಪ ಹುಡುಕಾಟ ಬೇಕಾಗುತ್ತದೆ, ಅದನ್ನು ರಾಯಚೂರಿನ ಒಂದು ಡಿಟಿಪಿ ಅಂಗಡಿಯ ಸಿಸ್ಟಂ ಹಿಡಿದು ವಿವರಿಸುತ್ತೇನೆ. ಬಿ550 ಚಿಪ್‌ಸೆಟ್‌ನ ಬೋರ್ಡು. ಸಸ್ಪೆಂಡ್ ಒತ್ತಿದರೆ ಫ್ಯಾನ್‌ಗಳು ನಿಂತು, ದೀಪ ಮಿನುಗಿ, ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಫ್ಯಾನ್‌ಗಳು ಮತ್ತೆ ತಿರುಗುತ್ತಿದ್ದವು. ಫ್ಯಾನ್‌ಗಳು ನಿಜವಾಗಿ ನಿಂತವು ಎಂಬುದು ಮುಖ್ಯವಾದ ಸುಳಿವು: ಸಿಸ್ಟಂ ಮಲಗಿತ್ತು, ಯಾವುದೋ ಒಂದು ಅದನ್ನು ಎಬ್ಬಿಸಿತು. ಮೌಸ್, ಕೀಬೋರ್ಡ್, ಪ್ರಿಂಟರ್ ಎಲ್ಲ ಯುಎಸ್‌ಬಿಗಳನ್ನೂ ಕಿತ್ತು, ಪವರ್ ಬಟನ್‌ನಿಂದಲೇ ಸಸ್ಪೆಂಡ್ ಮಾಡಿದರೂ ಎದ್ದಿತು. ಹೀಗಾಗಿ ಯುಎಸ್‌ಬಿ ಕಾರಣವಲ್ಲ. ಲಿನಕ್ಸ್‌ನ ಪ್ರೊಕ್ ಕೋಶದೊಳಗೆ ಎಸಿಪಿಐ ಕೋಶದಲ್ಲಿರುವ ವೇಕ್‌ಅಪ್ ಎಂಬ ಕಡತವನ್ನು ತೆರೆದರೆ ಎಬ್ಬಿಸುವ ಅಧಿಕಾರವಿರುವ ಸಾಧನಗಳ ಪಟ್ಟಿ ಸಿಗುತ್ತದೆ, ಪ್ರತಿಯೊಂದರ ಮುಂದೆ ಎನೇಬಲ್ಡ್ ಅಥವಾ ಡಿಸೇಬಲ್ಡ್ ಎಂದಿರುತ್ತದೆ. ಎನೇಬಲ್ಡ್ ಇರುವುದನ್ನು ಒಂದೊಂದಾಗಿ ಡಿಸೇಬಲ್ ಮಾಡಿ ಸಸ್ಪೆಂಡ್ ಪರೀಕ್ಷಿಸುತ್ತಾ ಹೋದಾಗ, ಪ್ರೊಸೆಸರ್‌ನ ಪಿಸಿಐ ಎಕ್ಸ್‌ಪ್ರೆಸ್ ದಾರಿಯಾದ ಜಿಪಿಪಿ0 ಎಂಬುದನ್ನು ತಡೆದ ಕೂಡಲೇ ಸಿಸ್ಟಂ ಮಲಗಿ ಮಲಗಿಯೇ ಇತ್ತು. ಬಿ550ರ ಕೆಲವು ಬೋರ್ಡ್‌ಗಳಲ್ಲಿ ಇದು ತಿಳಿದಿರುವ ದೋಷವೇ ಆಗಿದೆ.

ಇಲ್ಲಿ ಎರಡು ಸೂಕ್ಷ್ಮಗಳಿವೆ. ಆ ಕಡತಕ್ಕೆ ಸಾಧನದ ಹೆಸರು ಬರೆದರೆ ಅದರ ಸ್ಥಿತಿ ತಿರುವುಮುರುವಾಗುತ್ತದೆಯೇ ಹೊರತು ಆಫ್ ಎಂದೇ ಆಗುವುದಿಲ್ಲ; ಎರಡು ಸಲ ಬರೆದರೆ ಮತ್ತೆ ಆನ್ ಆಗುತ್ತದೆ. ಮತ್ತು ಈ ಬದಲಾವಣೆ ಮುಂದಿನ ಬೂಟ್‌ವರೆಗೆ ಮಾತ್ರ ಉಳಿಯುತ್ತದೆ, ಆದ್ದರಿಂದ ಪ್ರತಿ ಬೂಟ್‌ನಲ್ಲಿ ಒಂದೇ ಒಂದು ಸಲ ಅದನ್ನು ಬರೆಯುವ ಸಿಸ್ಟಂಡಿ ಸರ್ವಿಸ್ (ಲಿನಕ್ಸ್ ತಾನಾಗಿ ಓಡಿಸುವ ಕೆಲಸ) ಮಾಡಿಡಬೇಕು. ಎಕ್ಸ್‌ಎಚ್‌ಸಿ ಎಂದು ಶುರುವಾಗುವ ಹೆಸರುಗಳು ಯುಎಸ್‌ಬಿಯವು. ಅವನ್ನು ತಡೆದರೆ ಕೀಬೋರ್ಡ್‌ನಿಂದ ಎಬ್ಬಿಸಲು ಆಗದು, ಪವರ್ ಬಟನ್ ಒತ್ತಬೇಕಾಗುತ್ತದೆ.

ಮಲಗಿ ಏಳದ ಸಿಸ್ಟಂ

ಬಟನ್ ಒತ್ತಿದಾಗ ಫ್ಯಾನ್ ತಿರುಗಿ ಪರದೆ ಕಪ್ಪಾಗಿಯೇ ಉಳಿದರೆ, ಕೀಬೋರ್ಡ್‌ನ ಕ್ಯಾಪ್ಸ್ ಲಾಕ್ ಒತ್ತಿ ದೀಪ ಬದಲಾಗುತ್ತದೆಯೇ ನೋಡಬೇಕು. ಬದಲಾದರೆ ಸಿಸ್ಟಂ ಎದ್ದಿದೆ, ಗ್ರಾಫಿಕ್ಸ್ ಮಾತ್ರ ಎದ್ದಿಲ್ಲ. ಎನ್ವಿಡಿಯಾ ಕಾರ್ಡ್‌ಗಳಲ್ಲಿ ವಿಡಿಯೊ ಮೆಮೊರಿಯನ್ನು ಸ್ಲೀಪ್‌ನ ಮುನ್ನ ಕಾಪಾಡುವ ಪ್ರಿಸರ್ವ್ ವಿಡಿಯೊ ಮೆಮೊರಿ ಅಲೊಕೇಶನ್ಸ್ ಎಂಬ ಡ್ರೈವರ್ ಆಯ್ಕೆಗೆ 1 ಎಂದು ಕೊಟ್ಟು, ಎನ್ವಿಡಿಯಾದ ಸಸ್ಪೆಂಡ್ ಮತ್ತು ರೆಸ್ಯೂಮ್ ಸರ್ವಿಸ್‌ಗಳು ಆನ್ ಇವೆಯೇ ಎಂದು ನೋಡಬೇಕು. ಆ ಮೆಮೊರಿಯ ಪ್ರತಿ ಡಿಸ್ಕ್‌ನ ಟೆಂಪ್ ಕೋಶಕ್ಕೆ ಹೋಗುವುದರಿಂದ ಅಲ್ಲಿ ಕಾರ್ಡಿನ ಮೆಮೊರಿಯಷ್ಟಾದರೂ ಜಾಗ ಖಾಲಿ ಇರಬೇಕು. ಸೆಕ್ಯೂರ್ ಬೂಟ್ ಆನ್ ಇದ್ದು ಡ್ರೈವರ್ ಹಾಕಿದ ಮೇಲಿನ ಮೊದಲ ಬೂಟ್‌ನಲ್ಲಿ ಬರುವ, ಡ್ರೈವರ್‌ನ ಸಹಿಯ ಕೀಲಿಯನ್ನು ನೋಂದಾಯಿಸುವ ಮೋಕ್ ಎಂಬ ನೀಲಿ ಪರದೆಯನ್ನು ದಾಟಿಸಿಬಿಟ್ಟಿದ್ದರೆ ಡ್ರೈವರ್ ಲೋಡ್ ಆಗಿರುವುದೇ ಇಲ್ಲ. ಆ ಕೀಲಿಯನ್ನು ಮತ್ತೆ ನೋಂದಾಯಿಸಬೇಕು.

ಕ್ಯಾಪ್ಸ್ ಲಾಕ್ ದೀಪವೂ ಸ್ತಬ್ಧವಾಗಿದ್ದರೆ ಸಂದೇಹ ರ್‍ಯಾಮ್‌ನ ಮೇಲೆ, ಎಸ್‌ಎಂಪಿಎಸ್‌ನ ಮೇಲೆ, ಕರ್ನಲ್‌ನ ಮೇಲೆ ಈ ಕ್ರಮದಲ್ಲಿ ಹೋಗಬೇಕು. ಎಕ್ಸ್‌ಎಂಪಿ ಅಥವಾ ಎಕ್ಸ್‌ಪೋ ಹಾಕಿ ರ್‍ಯಾಮ್ ಅನ್ನು ಹೆಚ್ಚಿನ ವೇಗದಲ್ಲಿ ಓಡಿಸುತ್ತಿದ್ದರೆ ಬಯೋಸ್‌ನಲ್ಲಿ ಅದನ್ನು ಆಫ್ ಮಾಡಿ ಪರೀಕ್ಷಿಸಬೇಕು. ಮೇ ತಿಂಗಳಲ್ಲಿ ಹೊರಗೆ 40 ಡಿಗ್ರಿ ದಾಟಿದಾಗ ಕ್ಯಾಬಿನೆಟ್‌ನೊಳಗಿನ ಬಿಸಿಗೆ ಆ ವೇಗ ತಡೆಯದೆ ಹೋಗಬಹುದು. ಆಮೇಲೂ ಸಂದೇಹ ಉಳಿದರೆ ಮೆಮ್‌ಟೆಸ್ಟ್86 ಪ್ಲಸ್ ಅನ್ನು ಪೆನ್‌ಡ್ರೈವ್‌ನಿಂದ ರಾತ್ರಿಯಿಡೀ ಓಡಿಸಬೇಕು. ಒಂದೇ ಒಂದು ತಪ್ಪು ಬಂದರೂ ಓಎಸ್‌ನ ಪರೀಕ್ಷೆಗಳನ್ನೆಲ್ಲ ಅಲ್ಲಿಗೇ ನಿಲ್ಲಿಸಿ ರ್‍ಯಾಮ್ ಕಡ್ಡಿಗಳನ್ನು ಒಂದೊಂದಾಗಿ ತೆಗೆದು ನೋಡಬೇಕು.

ರ್‍ಯಾಮ್ ಮತ್ತು ಎಸ್‌ಎಂಪಿಎಸ್ ಸರಿಯೆಂದು ತಿಳಿದ ಮೇಲೆ ಉಳಿಯುವುದು ಡ್ರೈವರ್‌ಗಳ ಪ್ರಶ್ನೆ. ಲಿನಕ್ಸ್ ಕರ್ನಲ್‌ನ ಪಿಎಂ ಟೆಸ್ಟ್ ಎಂಬ ಕಡತದಲ್ಲಿ ಫ್ರೀಜರ್, ಡಿವೈಸಸ್, ಪ್ಲಾಟ್‌ಫಾರ್ಮ್, ಪ್ರೊಸೆಸರ್ಸ್, ಕೋರ್ ಎಂಬ ಹಂತಗಳಿವೆ. ಒಂದನ್ನು ಬರೆದು ಸಸ್ಪೆಂಡ್ ಮಾಡಿದರೆ ಸಿಸ್ಟಂ ಆ ಹಂತದವರೆಗೆ ಹೋಗಿ, ಕೆಲವು ಸೆಕೆಂಡು ಕಾದು, ತಾನೇ ಮರಳುತ್ತದೆ. ಫ್ರೀಜರ್ ಸರಿಯಾಗಿ ಮರಳಿ ಡಿವೈಸಸ್‌ನಲ್ಲಿ ಸಿಕ್ಕಿಕೊಂಡರೆ ಯಾವುದೋ ಡ್ರೈವರ್ ಕಾರಣ, ಡ್ರೈವರ್‌ಗಳನ್ನು ಒಂದೊಂದಾಗಿ ಇಳಿಸಿ ಅದನ್ನು ಹುಡುಕಬಹುದು. ಡಿವೈಸಸ್ ಹಂತದಲ್ಲಿ ಸಿಸ್ಟಂ ಸ್ತಬ್ಧವಾಗಿ ಯಾವ ದಾಖಲೆಯೂ ಉಳಿಯದಿದ್ದಾಗ ಪಿಎಂ ಟ್ರೇಸ್ ಎಂಬ ಇನ್ನೊಂದು ಉಪಾಯವಿದೆ. ಅದು ಎಲ್ಲಿ ನಿಂತೆ ಎಂಬ ಗುರುತನ್ನು ಬೋರ್ಡಿನ ಗಡಿಯಾರದಲ್ಲಿಯೇ ಬರೆದಿಡುತ್ತದೆ, ರೀಸ್ಟಾರ್ಟ್ ಆದ ಮೇಲೆ ಕರ್ನಲ್ ದಾಖಲೆಯಲ್ಲಿ ಆ ಗುರುತಿಗೆ ಹೊಂದುವ ಸಾಧನದ ಹೆಸರು ಸಿಗುತ್ತದೆ. ಗಡಿಯಾರ ಹೀಗೆ ಕೆಡುವುದರಿಂದ, ಪರೀಕ್ಷೆ ಮುಗಿದ ಕೂಡಲೇ, ವಿಂಡೋಸ್ ತೆರೆಯುವ ಮುನ್ನವೇ, ಬಯೋಸ್‌ಗೆ ಹೋಗಿ ತಾರೀಖು ಮತ್ತು ಸಮಯವನ್ನು ಸರಿಯಾಗಿ ತುಂಬಬೇಕು.